ಹಿಮನದಿಯು ಹಿಂದಿರುಗಿಸಿದ ಯೋಧರು

1968ನೆಯ ಇಸವಿ ಫೆಬ್ರವರಿ 7ರಂದು ಭಾರತೀಯ ವಾಯುಪಡೆಯ ಸಾಗಾಟ ವಿಮಾನವೊಂದು ಚಂಡೀಗಢದಿಂದ ಲೇಹ್ ಪಟ್ಟಣದ ಕಡೆಗೆ ಹೊರಟಿತು. ಅದು ಎಎನ್-12 ಜಾತಿಯ ವಿಮಾನ; ಗುರುತಿನ ಸಂಖ್ಯೆ ಬಿಎಲ್-534. ಸಿಬ್ಬಂದಿಯೂ ಯೋಧರೂ ಸೇರಿ 102 ಮಂದಿ ಅದರಲ್ಲಿದ್ದರು. ಲೇಹ್ ಸಮೀಪಿಸುವ ಹೊತ್ತಿಗೆ ಹವೆ ಕೆಟ್ಟಿತು. ಚಾಲಕರು ವಿಮಾನವನ್ನು ಹಿಂದಕ್ಕೆ ತಿರುಗಿಸಲು ನಿಶ್ಚಯಿಸಿದರು. ರೋಹ್ತಂಗ್ ಕಣಿವೆಯ ಬಳಿಯಿಂದ ಬಂದ ರೇಡಿಯೋ ಮಾತೇ ಅವರ ಕಡೆಯ ಮಾತು. ಅನಂತರ ವಿಮಾನವು ಎಲ್ಲಿ ಹೋಯಿತೆಂಬುದರ ಸುಳಿವು ಸಿಕ್ಕಲಿಲ್ಲ. ಹುಡುಕಾಟಗಳು ನಡೆದವು, ಆದರೆ ಫೆಬ್ರವರಿಯ ಹಿಮಾಲಯದಲ್ಲಿ ಹಿಮವು ಬಿದ್ದುದೆಲ್ಲವನ್ನೂ ಬೇಗನೆ ಮುಚ್ಚಿಬಿಡುತ್ತದೆ. ಹೀಗೆ 35 ವರ್ಷಗಳು ಕಳೆದವು.

ಮನೆಯವರ ಪಾಡನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಸತ್ತವರಿಗಾಗಿ ಅಳುವುದಕ್ಕೆ ನಮ್ಮ ಸಮಾಜಗಳಲ್ಲಿ ಒಂದು ಕ್ರಮವಿದೆ: ಶವಸಂಸ್ಕಾರ, ಸೂತಕ, ಹನ್ನೊಂದನೆಯ ದಿನ, ವರ್ಷಾಂತಿಕ. ಕಾಣೆಯಾದವರಿಗಾಗಿ ಅಂಥ ಕ್ರಮವಿಲ್ಲ. ಹಣೆಯ ಕುಂಕುಮವನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ಯಾರು ಹೇಳಬೇಕು? ನಮ್ಮ ದೇಶದಲ್ಲಿ ಬಹುಕಾಲ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮು, ಏಳು ವರ್ಷಗಳ ಕಾಲ ಸುದ್ದಿಯೇ ಇಲ್ಲದವರನ್ನು ಬದುಕಿದ್ದಾರೆಂದು ವಾದಿಸುವವರೇ ಅದನ್ನು ರುಜುವಾತುಪಡಿಸಬೇಕೆಂದು ವಿಧಿಸಿತ್ತು. ಕಾನೂನಿಗೆ ಏಳು ವರ್ಷ ಸಾಕು, ಮನಸ್ಸಿಗೆ ಸಾಲದು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಅಮೆರಿಕದ ವೈಮಾನಿಕರ ಮನೆಗಳವರನ್ನು 1970ರ ದಶಕದಲ್ಲಿ ಅಭ್ಯಾಸ ಮಾಡಿದ ಪಾಲೀನ್ ಬಾಸ್ ಎಂಬ ವಿದುಷಿ ಇಂಥ ದುಃಖಕ್ಕೆ ಬೇರೆಯದೇ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ‘ಅನಿಶ್ಚಿತ ಅಗಲಿಕೆ’ ಎನ್ನಬಹುದು. ಹೋದವರು ಮನೆಯಲ್ಲಿಲ್ಲ, ಆದರೆ ಮನಸ್ಸಿನಲ್ಲಿ ಇನ್ನೂ ಬರಲಿರುವವರಾಗಿಯೇ ಇರುತ್ತಾರೆ. ಈ ಸ್ಥಿತಿಯಲ್ಲಿ ಶೋಕವು ಮುಗಿಯುವುದಿಲ್ಲ, ಸರಿಯಾಗಿ ಆರಂಭವೂ ಆಗುವುದಿಲ್ಲ.

ಈ ವಿಮಾನಗಳು ಅಂಥ ದಾರಿಯಲ್ಲಿ ಹೋಗಬೇಕಾದುದಾದರೂ ಏಕೆ? ಲಡಾಖಿನ ರಸ್ತೆಗಳು ಆ ಕಾಲದಲ್ಲಿ ಚಳಿಗಾಲ ಬಂದೊಡನೆ ಹಿಮದಿಂದ ಮುಚ್ಚಿಹೋಗುತ್ತಿದ್ದವು. ಗಡಿಯ ಸೈನಿಕರಿಗೆ ಅಕ್ಕಿ, ಸೀಮೆಎಣ್ಣೆ, ಔಷಧ, ಕಾಗದಪತ್ರ ಎಲ್ಲವೂ ಗಾಳಿಯ ಮಾರ್ಗದಿಂದಲೇ ತಲುಪಬೇಕಾಗಿತ್ತು. ರಜೆಗೆ ಹೋಗುವವರೂ ಬರುವವರೂ ಆ ಮಾರ್ಗವನ್ನೇ ನೆಚ್ಚಿಕೊಂಡಿದ್ದರು. 1948ರ ಮೇ 24ರಂದು ಮೆಹರ್ ಸಿಂಗ್ ಅವರು ಡಕೋಟ ವಿಮಾನವೊಂದನ್ನು ಲೇಹ್‌ನಲ್ಲಿ ಮೊದಲ ಬಾರಿಗೆ ಇಳಿಸಿ ಈ ದಾರಿಯನ್ನು ತೆರೆದಿದ್ದರು. ಎಎನ್-12 ಅದಕ್ಕಿಂತ ಬಹಳ ದೊಡ್ಡದು: ಸೋವಿಯತ್ ದೇಶದ ನಿರ್ಮಾಣ, ನಾಲ್ಕು ಎಂಜಿನು, 20 ಟನ್ ಹೊರುವ ಶಕ್ತಿ. 1962ರ ಯುದ್ಧಕಾಲದಲ್ಲಿ ಹಗುರ ಟ್ಯಾಂಕುಗಳನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಚಂಡೀಗಢದಿಂದ ಚುಶೂಲಿಗೆ ಹೋದದ್ದು ಈ ಜಾತಿಯ ವಿಮಾನವೇ. ಯುದ್ಧವಿಮಾನದ ಚಾಲಕರ ಸಾಹಸವನ್ನು ನಾವೆಲ್ಲ ಕೊಂಡಾಡುತ್ತೇವೆ. ದಿನವೂ ಮೂಟೆಗಳನ್ನೂ ಮನುಷ್ಯರನ್ನೂ ಹೊತ್ತು ಪರ್ವತಗಳನ್ನು ದಾಟುವ ಸಾಗಾಟ ವಿಮಾನದ ಸಿಬ್ಬಂದಿಯನ್ನು ನೆನೆಯುವುದು ಅವರು ಮರಳಿ ಬಾರದಿದ್ದಾಗ ಮಾತ್ರ.

ಅವರ ಕೆಲಸ ಸುಲಭದ್ದಲ್ಲ. ಲೇಹ್ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 3,250 ಮೀಟರು ಮೇಲಿದೆ. ಅಲ್ಲಿಯ ಗಾಳಿಯ ಸಾಂದ್ರತೆ ಸಮುದ್ರತೀರದ ಗಾಳಿಯ ನಾಲ್ಕರಲ್ಲಿ ಮೂರು ಪಾಲನ್ನೂ ಮುಟ್ಟದು. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಸಿಗುವ ಆಸರೆ ಕುಗ್ಗುತ್ತದೆ, ಎಂಜಿನಿನ ಬಲವೂ ಕುಗ್ಗುತ್ತದೆ. ಎಎನ್-12ರಲ್ಲಿ ಸಿಬ್ಬಂದಿಯ ಕೋಣೆಗೆ ಮಾತ್ರ ಗಾಳಿಯನ್ನು ಒತ್ತಿ ತುಂಬುವ ಏರ್ಪಾಡಿತ್ತು. ಸರಕಿನ ಅಂಕಣಕ್ಕೆ ಅದಿರಲಿಲ್ಲ. ಇದರ ಮೇಲೆ, ಶಿಖರಗಳಿಗೆ ಬಡಿದ ಗಾಳಿಯು ಅವುಗಳ ಮರೆಯಲ್ಲಿ ಅಲೆಯಲೆಯಾಗಿ ಕೆಳಕ್ಕೆ ಧುಮುಕುವುದುಂಟು. ಮೋಡ ಕವಿದರೆ ಪಕ್ಕದ ಬೆಟ್ಟವೂ ಕಾಣದು.

ಈಗ ಹಿಮದ ಕಡೆಗೆ ಗಮನವನ್ನು ಹರಿಸೋಣ. ಎತ್ತರದ ಬೆಟ್ಟಗಳಲ್ಲಿ ಒಂದು ವರ್ಷದ ಹಿಮವು ಪೂರ್ತಿ ಕರಗುವ ಮೊದಲೇ ಮರುವರ್ಷದ ಹಿಮ ಅದರ ಮೇಲೆ ಬೀಳುತ್ತದೆ. ಹೊಸದಾಗಿ ಬಿದ್ದ ಹಿಮವು ಅರಳೆಯಷ್ಟು ಹಗುರ. ಒಂದು ಘನಮೀಟರು ನೂರು ಕಿಲೋಗ್ರಾಮು ತೂಗುವುದೂ ಕಷ್ಟ. ಮೇಲಿನ ಪದರಗಳ ಭಾರಕ್ಕೆ ಅದು ಕುಗ್ಗಿ, ಗಾಳಿಯನ್ನು ಹೊರದೂಡಿ, ಕೊನೆಗೆ ಘನಮೀಟರಿಗೆ ಸುಮಾರು 900 ಕಿಲೋಗ್ರಾಮು ತೂಗುವ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಈ ಗಡ್ಡೆ ನಿಂತಲ್ಲಿ ನಿಲ್ಲುವುದಿಲ್ಲ. ಅರಗಿನ ಕಡ್ಡಿಯನ್ನು ನೋಡಿರಿ: ಸುತ್ತಿಗೆಯಿಂದ ಹೊಡೆದರೆ ಒಡೆಯುತ್ತದೆ, ಎರಡು ತುದಿಗಳಿಗೆ ಮಾತ್ರ ಆಧಾರ ಕೊಟ್ಟು ವಾರಗಟ್ಟಲೆ ಬಿಟ್ಟರೆ ತನ್ನ ಭಾರಕ್ಕೇ ಬಾಗುತ್ತದೆ. ಮಂಜುಗಡ್ಡೆಯೂ ಹಾಗೆಯೇ ನಿಧಾನವಾಗಿ ಇಳಿಜಾರಿನಲ್ಲಿ ಹರಿಯುತ್ತದೆ. ಇದಕ್ಕೊಂದು ನಿಯಮವುಂಟು. ಅದನ್ನು 1950ರ ದಶಕದಲ್ಲಿ ಪ್ರಯೋಗಗಳಿಂದ ಕಂಡುಕೊಂಡವರು ಜಾನ್ ಗ್ಲೆನ್ ಎಂಬ ಬ್ರಿಟಿಷ್ ಭೌತವಿಜ್ಞಾನಿ. ಸರಿಸುಮಾರಾಗಿ ಹೇಳುವುದಾದರೆ, ಗಡ್ಡೆಯನ್ನು ಜಾರಿಸುವ ಒತ್ತಡವು ಎರಡರಷ್ಟಾದರೆ ಅದರ ಹರಿವು ಎಂಟರಷ್ಟಾಗುತ್ತದೆ. ಆದುದರಿಂದಲೇ ದಪ್ಪವಾದ, ಕಡಿದಾದ ಹಿಮನದಿಯು ತೆಳುವಾದುದಕ್ಕಿಂತ ಎಷ್ಟೋ ವೇಗವಾಗಿ ಸಾಗುತ್ತದೆ.

ಹಿಮನದಿಗೆ ಎರಡು ಭಾಗಗಳಿವೆಯೆಂಬುದನ್ನು ವಾಚಕರು ನೆನಪಿಡಬೇಕು. ಮೇಲಿನ ಭಾಗದಲ್ಲಿ ಬೀಳುವ ಹಿಮವು ಕರಗುವುದಕ್ಕಿಂತ ಹೆಚ್ಚು. ಅಲ್ಲಿ ಬಿದ್ದ ವಸ್ತು ವರ್ಷವರ್ಷಕ್ಕೂ ಆಳಕ್ಕೆ ಇಳಿಯುತ್ತದೆ. ಕೆಳಗಿನ ಭಾಗದಲ್ಲಿ ಕರಗುವುದೇ ಹೆಚ್ಚು. ಅಲ್ಲಿ ಮೇಲಿನ ಗಡ್ಡೆ ಸವೆದು, ಆಳದಲ್ಲಿದ್ದುದು ತಾನಾಗಿ ಬಯಲಿಗೆ ಬರುತ್ತದೆ. ಮೇಲೆ ನುಂಗಿದ್ದನ್ನು ಕೆಳಗೆ ಕಕ್ಕುವುದು ಹಿಮನದಿಯ ಸ್ವಭಾವ. ಎಷ್ಟು ಎತ್ತರದಲ್ಲಿ ನುಂಗಿತೋ ಅಷ್ಟು ತಡವಾಗಿ ಹೊರಬರುತ್ತದೆ.

ಇದನ್ನು ಲೋಕವು ಮೊದಲು ಕಣ್ಣಾರೆ ಕಂಡದ್ದು ಆಲ್ಪ್ಸ್ ಪರ್ವತದಲ್ಲಿ. 1820ರ ಆಗಸ್ಟಿನಲ್ಲಿ ಮೌಂಟ್ ಬ್ಲಾಂಕ್ ಶಿಖರವನ್ನು ಏರುತ್ತಿದ್ದ ಹ್ಯಾಮೆಲ್ ಎಂಬ ವೈದ್ಯರ ತಂಡದ ಮೂವರು ಮಾರ್ಗದರ್ಶಿಗಳನ್ನು ಹಿಮಪಾತವೊಂದು ಬಿರುಕಿಗೆ ತಳ್ಳಿತು. ಹಿಮನದಿಗಳ ವೇಗವನ್ನು ಅಳೆದಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಫೋರ್ಬ್ಸ್, ಸುಮಾರು 40 ವರ್ಷಗಳಲ್ಲಿ ಅವರ ಅವಶೇಷಗಳು ಬುಡದಲ್ಲಿ ಕಾಣಿಸಿಕೊಳ್ಳುವುವೆಂದು ಮುಂಚಿತವಾಗಿಯೇ ಹೇಳಿದ್ದರು. 1861ರಲ್ಲಿ ಬೊಸಾನ್ ಹಿಮನದಿಯ ಕೆಳತುದಿಯಲ್ಲಿ ಅವು ಕಾಣಿಸಿಕೊಂಡವು. ಅಂದು ಬದುಕಿ ಉಳಿದಿದ್ದ ಜೊತೆಗಾರನೊಬ್ಬನು ಮುದುಕನಾಗಿ ಬಂದು ಅವನ್ನು ಗುರುತಿಸಿದನು. ಸತ್ತವರು ಮಾತ್ರ ಯುವಕರಾಗಿಯೇ ಉಳಿದಿದ್ದರು. ಇದೇ ಬೊಸಾನ್ ಹಿಮನದಿಯು ನಮ್ಮ ದೇಶದ ವಸ್ತುಗಳನ್ನೂ ಹೊತ್ತು ತಂದಿದೆ. 1966ರ ಜನವರಿ 24ರಂದು ಮೌಂಟ್ ಬ್ಲಾಂಕಿಗೆ ಬಡಿದ ಏರ್ ಇಂಡಿಯಾ ವಿಮಾನದಲ್ಲಿ 117 ಮಂದಿ ಮಡಿದರು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ಹೋಮಿ ಭಾಭಾ ಅವರಲ್ಲಿ ಒಬ್ಬರು. ಭಾರತ ಸರ್ಕಾರದ ರಾಯಭಾರದ ಅಂಚೆಚೀಲವೊಂದು 2012ರಲ್ಲಿ ಆ ಗಡ್ಡೆಯಿಂದ ಹೊರಬಿತ್ತು.

ಲಾಹೌಲಿನ ಕಥೆಯೂ ಇದೇ ಬಗೆಯದು. 2003ರಲ್ಲಿ ಮನಾಲಿಯ ಪರ್ವತಾರೋಹಣ ಸಂಸ್ಥೆಯ ತಂಡವೊಂದು ಚಂದ್ರಭಾಗಾ ಶಿಖರಶ್ರೇಣಿಯ ಢಾಕಾ ಹಿಮನದಿಯ ಮೇಲೆ ವಿಮಾನದ ಚೂರುಗಳನ್ನೂ ಒಬ್ಬ ಯೋಧನ ಅವಶೇಷವನ್ನೂ ಕಂಡಿತು. ಬಿಎಲ್-534 ಎಲ್ಲಿ ಬಿದ್ದಿತ್ತೆಂಬುದು ಆಗ ತಿಳಿಯಿತು. ಸೈನ್ಯವು ‘ಪುನರುತ್ಥಾನ’ ಎಂಬ ಹೆಸರಿನಲ್ಲಿ ಶೋಧಗಳನ್ನು ಕೈಕೊಂಡಿತು. 2007ರಲ್ಲಿ ಮೂವರು, 2013ರಲ್ಲಿ ಒಬ್ಬರು ದೊರೆತರು. 2019ರಲ್ಲಿ ಎಂಜಿನು, ಇಂಧನ ತೊಟ್ಟಿಯ ಭಾಗ, ಚಾಲಕರ ಕೋಣೆಯ ಬಾಗಿಲು ಸಿಕ್ಕವು. 2024ರ ಸೆಪ್ಟೆಂಬರಿನ ಕೊನೆಯಲ್ಲಿ ಡೋಗ್ರಾ ಸ್ಕೌಟ್ಸ್ ಪಡೆಯವರೂ ತಿರಂಗಾ ಪರ್ವತ ರಕ್ಷಣಾ ತಂಡದವರೂ ಕೂಡಿ ಇನ್ನೂ ನಾಲ್ವರನ್ನು ಹೊರತೆಗೆದರು. ಅಲ್ಲಿಗೆ 56 ವರ್ಷಗಳಲ್ಲಿ ದೊರೆತವರ ಸಂಖ್ಯೆ ಒಂಬತ್ತು.

ಆ ನಾಲ್ವರಲ್ಲಿ ಕೆಲವರ ಗುರುತು ಹತ್ತಿದ್ದು ಅವರ ಜೇಬುಗಳಲ್ಲಿದ್ದ ಕಾಗದಪತ್ರಗಳಿಂದ. ಅರ್ಧ ಶತಮಾನ ಕಳೆದರೂ ಕಾಗದ ಉಳಿದದ್ದು ಪವಾಡವಲ್ಲ. ಕೊಳೆಯುವಿಕೆಯು ಸೂಕ್ಷ್ಮಜೀವಿಗಳ ಕೆಲಸ. ಅವುಗಳಿಗೆ ಬೆಚ್ಚನೆಯ ಹವೆಯೂ ದ್ರವರೂಪದ ನೀರೂ ಬೇಕು. ಗಡ್ಡೆಯೊಳಗೆ ಎರಡಕ್ಕೂ ಬರ. ಕಾಗದ ದೊರೆಯದಿದ್ದರೆ ಡಿಎನ್‌ಎ ಪರೀಕ್ಷೆಗೆ ಮೊರೆಹೋಗಬೇಕು. ಚಳಿಯು ಅಣುಗಳ ವಿಘಟನೆಯನ್ನೂ ನಿಧಾನಗೊಳಿಸುವುದರಿಂದ ಮೂಳೆಯಲ್ಲೋ ಹಲ್ಲಿನಲ್ಲೋ ಉಳಿದಿರುವ ಎಳೆಗಳನ್ನು ಬಂಧುಗಳ ರಕ್ತದೊಡನೆ ಹೋಲಿಸಿ ನೋಡಲು ಸಾಧ್ಯವಾಗುತ್ತದೆ. ಕಷ್ಟವಿರುವುದು ಬೇರೆಡೆ. ಅಷ್ಟು ವರ್ಷಗಳಲ್ಲಿ ತಾಯಿತಂದೆಗಳು ಹೋಗಿರುತ್ತಾರೆ. ಕೆಲವರ ಹೆಂಡಿರೂ ಹೋಗಿರುತ್ತಾರೆ. ಚಿತೆಗೆ ಬೆಂಕಿಯಿಡಲು ಬರುವವನು ಹೋದವನ ಮುಖವನ್ನೇ ಕಾಣದ ಮೊಮ್ಮಗನಾಗಿರಬಹುದು.

ಹೀಗೆ ಹೊರಬಂದವರನ್ನು ಬೇಗನೆ ಎತ್ತಿಕೊಳ್ಳದಿದ್ದರೆ ಮತ್ತೆ ಕಳೆದುಕೊಳ್ಳುವ ಭಯವಿದೆ. ಅಲಾಸ್ಕದಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. 1952ರ ನವೆಂಬರ್ 22ರಂದು ಅಮೆರಿಕದ ವಾಯುಪಡೆಯ ಗ್ಲೋಬ್‌ಮಾಸ್ಟರ್ ಸಾಗಾಟ ವಿಮಾನವು 52 ಮಂದಿಯೊಡನೆ ಗ್ಯಾನೆಟ್ ಪರ್ವತಕ್ಕೆ ಬಡಿಯಿತು. 2012ರ ಜೂನಿನಲ್ಲಿ ಅದರ ಅವಶೇಷಗಳು ಕಂಡುಬಂದದ್ದು ಅಲ್ಲಿಂದ ಸುಮಾರು 20 ಕಿಲೋಮೀಟರು ಕೆಳಗೆ, ಕಾಲನಿ ಎಂಬ ಹಿಮನದಿಯ ಮೇಲೆ. ಆ ಹಿಮನದಿಯ ಮೂತಿಯು ಒಂದು ಸರೋವರಕ್ಕೆ ಚಾಚಿಕೊಂಡಿದೆ. ಗಡ್ಡೆ ಮುರಿದು ನೀರಿಗೆ ಬಿದ್ದರೆ ಎಲ್ಲವೂ ತಳ ಸೇರುತ್ತದೆ. ಆದುದರಿಂದ ಅಲ್ಲಿಯವರು ಮುಂದಿನ ಬೇಸಗೆಗಳಲ್ಲಿ ಮತ್ತೆ ಮತ್ತೆ ಹೋಗಿ ಹುಡುಕಿದರು. 52 ಮಂದಿಯಲ್ಲಿ ಬಹುಪಾಲಿನವರ ಗುರುತು ಹತ್ತಿತು.

ಲಾಹೌಲಿನಲ್ಲಿಯೂ ಕರಗುವಿಕೆ ಇದೆ. ಅದೇ ಚಂದ್ರಾ ನದಿಯ ಕಣಿವೆಯಲ್ಲಿರುವ ಛೋಟಾ ಶಿಗ್ರಿ ಹಿಮನದಿಯನ್ನು ವಿಜ್ಞಾನಿಗಳು 2002ರಿಂದ ಅಳೆಯುತ್ತ ಬಂದಿದ್ದಾರೆ. ಮುಂದಿನ ಎರಡು ದಶಕಗಳಲ್ಲಿ ಅದು ಸರಾಸರಿ ವರ್ಷಕ್ಕೆ ಅರ್ಧ ಮೀಟರಿನಷ್ಟು ನೀರಿಗೆ ಸಮನಾದ ಗಡ್ಡೆಯನ್ನು ಕಳೆದುಕೊಂಡಿತು. ಭೂಮಿ ಬಿಸಿಯಾಗುತ್ತಿರುವುದರ ಫಲವಿದು. ಇದರಿಂದ ಮಡಿದವರು ಬೇಗ ಹೊರಬರಬಹುದು. ಆದರೆ ಬಯಲಾದ ಅವಶೇಷವನ್ನು ಬಿಸಿಲೂ ನೀರೂ ಕೆಲವೇ ಬೇಸಗೆಗಳಲ್ಲಿ ಚದುರಿಸಿಬಿಡುತ್ತವೆ, ಕಲ್ಲುಗಳು ಮುಚ್ಚುತ್ತವೆ. ಅಲ್ಲಿ ಹುಡುಕಲು ಸಾಧ್ಯವಿರುವುದು ಬೇಸಗೆಯ ಕೊನೆಯ ಕೆಲವು ವಾರಗಳು ಮಾತ್ರ.

ನೆಲದ ಮೇಲಿನ ಹಿಮಕ್ಕಾದರೂ ಹರಿವಿದೆ. ಸಮುದ್ರದ ತಳಕ್ಕೆ ಅದೂ ಇಲ್ಲ. ನಮ್ಮ ವಾಯುಪಡೆಯ ಇನ್ನೊಂದು ಸಾಗಾಟ ವಿಮಾನ, ಎಎನ್-32 ಜಾತಿಯದು, 2016ರ ಜುಲೈ 22ರಂದು ಮದರಾಸಿನ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟು ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರಲ್ಲಿ 29 ಮಂದಿ ಇದ್ದರು. ಹಡಗುಗಳೂ ವಿಮಾನಗಳೂ ವಾರಗಟ್ಟಲೆ ಹುಡುಕಿದವು. ಉಪ್ಪುನೀರು ರೇಡಿಯೋ ಅಲೆಗಳನ್ನು ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ. ಆದುದರಿಂದ ಮುಳುಗಿದ ವಿಮಾನವನ್ನು ರೇಡಿಯೋದಿಂದ ಅರಸಲಾಗದು. ಶಬ್ದದಿಂದ ಮಾತ್ರ ಅರಸಬಹುದು. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರು ವೇಗದಿಂದ ಬಹುದೂರ ಹೋಗಬಲ್ಲುದು. ಅದೇ ವರ್ಷ ಸೆಪ್ಟೆಂಬರ್ 15ರಂದು ಆ 29 ಮಂದಿಯೂ ಮೃತರೆಂದು ಭಾವಿಸಲಾಗಿದೆಯೆಂಬ ತಿಳಿವಳಿಕೆಯನ್ನು ಮನೆಗಳಿಗೆ ಕಳುಹಿಸಲಾಯಿತು.

ಏಳು ವರ್ಷಗಳಿಗೂ ಮೀರಿದ ಮೇಲೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಒಂದು ಜಲಾಂತರ ಯಂತ್ರವು, ಮನುಷ್ಯರಿಲ್ಲದೆ ತಾನಾಗಿ ಚಲಿಸುವಂಥದು, ಚೆನ್ನೈ ತೀರದಿಂದ 140 ನಾವಿಕ ಮೈಲಿ ದೂರದಲ್ಲಿ 3,400 ಮೀಟರು ಆಳದ ತಳವನ್ನು ಶೋಧಿಸಿತು. ಆ ಆಳದಲ್ಲಿ ಒತ್ತಡವು ನೆಲದ ಮೇಲಿನ ಗಾಳಿಯ ಒತ್ತಡದ 340ರಷ್ಟು. ಯಂತ್ರವು ಶಬ್ದದ ಅಲೆಗಳನ್ನು ಬಿಟ್ಟು, ಪ್ರತಿಧ್ವನಿಗಳಿಂದ ತಳದ ನಕಾಶೆಯನ್ನು ಬರೆದು, ಅನುಮಾನ ಬಂದ ಕಡೆ ಛಾಯಾಚಿತ್ರಗಳನ್ನು ತೆಗೆಯಿತು. ಚಿತ್ರದಲ್ಲಿ ಕಂಡ ಚೂರುಗಳು ಎಎನ್-32ರ ಭಾಗಗಳನ್ನು ಹೋಲುತ್ತವೆ. ಆ ಜಾಗದಲ್ಲಿ ಬೇರಾವ ವಿಮಾನವೂ ಕಾಣೆಯಾದ ದಾಖಲೆಯಿಲ್ಲ. ಆದುದರಿಂದ ಅವು ಅದರವೇ ಆಗಿರಬೇಕು. 2024ರ ಜನವರಿಯಲ್ಲಿ ಆ 29 ಮನೆಗಳಿಗೆ ತಲುಪಿದ ಸುದ್ದಿ ಇಷ್ಟು.