ಮೊಬೈಲ್ ಹೋಂ ಸ್ಕ್ರೀನ್‌ಗೂ ಒಂದ್ಸಲ ಕಳೆ ತೆಗೀರಿ

ಮೂರು ವರ್ಷದ ಹಿಂದಿನ ಮಾತು. ಒಂದೂವರೆ ಎಕರೆ ರಾಗಿಗೆ ಬೆಳೆ ಸಮೀಕ್ಷೆ ಮಾಡೋಣ ಅಂತ ಹೊಲದಲ್ಲಿ ನಿಂತು ಆ್ಯಪ್ ಒತ್ತಿದೆ. ಲಾಗಿನ್ ತಗೊಳ್ಳಲಿಲ್ಲ. ‘ಸರ್ವರ್ ಸರಿಯಿಲ್ಲ, ನಾಳೆ ನೋಡೋಣ’ ಅಂದ್ಕೊಂಡೆ. ನಾಳೆ, ನಾಳಿದ್ದು ಅಂತ ಕೊನೇ ದಿನವೂ ದಾಟಿತು. ಆಮೇಲೆ ಗೊತ್ತಾಯ್ತು, ನಾನು ಒತ್ತುತ್ತಿದ್ದದ್ದು ಹಿಂದಿನ ವರ್ಷದ ಆ್ಯಪ್. ಹೊಸದೂ ಅದೇ ಫೋನಲ್ಲಿತ್ತು, ನಾಲ್ಕನೇ ಸ್ಕ್ರೀನಿನ ಮೂಲೇಲಿ. ಎರಡರ ಐಕಾನೂ ನೋಡೋಕೆ ಒಂದೇ ಥರ.

ದಾಖಲೆಯಲ್ಲಿ ನಮ್ಮ ಸರ್ವೆ ನಂಬರಿಗೆ ರಾಗಿ ಬದಲು ಬೇರೆ ಬೆಳೆ ಕೂತಿತ್ತು. ಆಕ್ಷೇಪಣೆ ಹಾಕೋ ಗಡುವೂ ಮುಗಿದಿತ್ತು. ಬೆಂಬಲ ಬೆಲೆಗೆ ಕೊಡೋಕಾಗದೆ, ಊರಿಗೆ ಬಂದ ವ್ಯಾಪಾರಿ ಹೇಳಿದ ರೇಟಿಗೆ ರಾಗಿ ಕೊಟ್ಟೆ. ಅವತ್ತಿಂದ ಹೊಲದ ಥರಾನೇ ಫೋನನ್ನೂ ಹಂಗಾಮಿಗೊಮ್ಮೆ ಸ್ವಚ್ಛ ಮಾಡ್ತೀನಿ.

ಮೊದಲು ಕಳೆ

ಹಳೇ ಹಂಗಾಮಿನ ಆ್ಯಪ್‌ಗಳನ್ನು ತೆಗೀರಿ. ಐಕಾನ್ ಒತ್ತಿ ಹಿಡಿದಾಗ ಬರೋ ‘ರಿಮೂವ್’ ಹೋಂ ಸ್ಕ್ರೀನಿನಿಂದ ಮಾತ್ರ ತೆಗೆಯುತ್ತೆ, ಆ್ಯಪ್ ಒಳಗೇ ಇರುತ್ತೆ. ಪೂರ್ತಿ ಹೋಗಬೇಕಂದ್ರೆ ‘ಅನ್‌ಇನ್‌ಸ್ಟಾಲ್’. ಅದಕ್ಕೂ ಮುಂಚೆ ಅಪ್‌ಲೋಡ್ ಆಗದೆ ಉಳಿದ ಫೋಟೋ ಇದೆಯಾ ನೋಡ್ಕೊಳ್ಳಿ.

ಮೂರು ಫೋಲ್ಡರ್ ಸಾಕು

ಒಂದು ಐಕಾನನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಫೋಲ್ಡರ್ ಆಗುತ್ತೆ. ಹೆಸರು ಕನ್ನಡದಲ್ಲೇ ಕೊಡಿ.

‘ದಿನಾ’: ಮೇಘದೂತ್, ದಾಮಿನಿ, ಕೃಷಿ ಮಾರಾಟ ವಾಹಿನಿ. ಮೇಘದೂತ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಹೊಸ ಸಲಹೆ ಬರುತ್ತೆ. ಸಿಂಪಡಣೆಗೆ ಮುಂಚೆ ಅದನ್ನು ನೋಡಿ. ದಾಮಿನಿ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತೆ, ಮುಂಗಾರಿಗೆ ಮುಂಚಿನ ಗುಡುಗು ಮಳೆ ಕಾಲದಲ್ಲಿ ಕೈಗೆ ಹತ್ತಿರ ಇರಲೇಬೇಕು.

‘ಹಂಗಾಮು’: ಈ ಸಲದ ಬೆಳೆ ಸಮೀಕ್ಷೆ ಆ್ಯಪ್, ಬೆಳೆ ವಿಮೆಯ ‘ಸಂರಕ್ಷಣೆ’. ವರ್ಷ ಬದಲಾದಾಗ ಖಾಲಿ ಮಾಡಿ ಹೊಸದು ಹಾಕೋ ಫೋಲ್ಡರ್ ಇದೊಂದೇ.

‘ದಾಖಲೆ’: ದಿಶಾಂಕ್, ಪಹಣಿಗೆ ಭೂಮಿ, ಎಫ್‌ಐಡಿಗೆ ಫ್ರೂಟ್ಸ್.

ರೇಟು ನೋಡುವಾಗ ಒಂದು ಲೆಕ್ಕ ನೆನಪಿಡಿ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಾತು ನಡೆಯೋದು 15 ಕೆಜಿ ಬಾಕ್ಸ್‌ನಲ್ಲಿ, ಮಾರಾಟ ವಾಹಿನಿ ತೋರಿಸೋದು ಕ್ವಿಂಟಾಲ್ ಲೆಕ್ಕದಲ್ಲಿ. ಕ್ವಿಂಟಾಲಿಗೆ 2,000 ರೂಪಾಯಿ ಅಂದ್ರೆ ಬಾಕ್ಸಿಗೆ 300. 2023ರ ಜುಲೈನಲ್ಲಿ ಇದೇ ಬಾಕ್ಸ್ 2,000 ದಾಟಿತ್ತು. ರಸ್ತೆಗೆ ಸುರಿದ ದಿನಗಳನ್ನೂ ನೋಡಿದ್ದೀವಿ. ಮುಳಬಾಗಿಲಿನವರು ವಡ್ಡಹಳ್ಳಿ ರೇಟನ್ನೂ ಕೇಳಿ ಹೋಲಿಸಿ. ಶ್ರೀನಿವಾಸಪುರದವರು ಮಾವಿನ ಕಾಲಕ್ಕೆ ಮಾವಿನ ರೇಟನ್ನು ಮುಂದಿಡಿ. ಮಾಲೂರಿನ ತರಕಾರಿ, ಹೂವಿನವರು ಬೆಂಗಳೂರಿನ ರೇಟನ್ನೂ ಜೊತೆಗಿಟ್ಟುಕೊಳ್ಳಿ.

ಆ್ಯಪ್ ಇಲ್ಲದಿದ್ರೂ ಶಾರ್ಟ್‌ಕಟ್

ಭೂಮಿ, ಫ್ರೂಟ್ಸ್, ಸಂರಕ್ಷಣೆ ವೆಬ್‌ಸೈಟ್‌ಗಳು. ಕ್ರೋಮ್‌ನಲ್ಲಿ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ‘ಆ್ಯಡ್ ಟು ಹೋಂ ಸ್ಕ್ರೀನ್’ ಕೊಡಿ. ಮೊದಲ ಸಲ ವಿಳಾಸದ ಹೆಸರು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಅಂತಲೇ ಮುಗಿಯುತ್ತಾ ನೋಡ್ಕೊಳ್ಳಿ.

ಇದರಿಂದ ಬರೀ ಸಮಯ ಉಳಿಯೋದಲ್ಲ, ದುಡ್ಡೂ ಉಳಿಯುತ್ತೆ. ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ ಕಳಿಸಿ, ಒತ್ತಿದವರ ಖಾತೆ ಖಾಲಿ ಮಾಡೋರಿದ್ದಾರೆ. ನಿಮ್ಮದೇ ಶಾರ್ಟ್‌ಕಟ್ ಇದ್ದರೆ ಯಾರೋ ಕಳಿಸಿದ ಲಿಂಕ್ ಒತ್ತೋ ಅಗತ್ಯವೇ ಬೀಳಲ್ಲ. ನನ್ನ ನಿಯಮ ಇಷ್ಟೇ: ನಾನು ಇಟ್ಟ ಬಾಗಿಲಿನಿಂದ ಮಾತ್ರ ಒಳಗೆ ಹೋಗೋದು.

ಮಂಡಿಯವರ ವಾಟ್ಸಾಪ್ ಚಾಟ್ ದಿನಾ ಹುಡುಕ್ತೀರಾ? ಚಾಟ್ ತೆರೆದು ಮೂರು ಚುಕ್ಕಿ, ‘ಮೋರ್’, ‘ಆ್ಯಡ್ ಶಾರ್ಟ್‌ಕಟ್’ ಒತ್ತಿ. ಕಿಸಾನ್ ಕಾಲ್ ಸೆಂಟರ್ 1800-180-1551, ಇದನ್ನೂ ಸೇವ್ ಮಾಡಿ ಹೋಂ ಸ್ಕ್ರೀನಿಗೆ ತನ್ನಿ.

ಲ್ಯಾಪ್‌ಟಾಪ್ ಇರೋರಿಗೆ

ಡೆಸ್ಕ್‌ಟಾಪ್ ತುಂಬಾ ಫೈಲ್ ಹರಡಬೇಡಿ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಸರ್ವೆ ನಂಬರಿಗೊಂದು. ಆ ವರ್ಷದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪಿನ್ ಟು ಸ್ಟಾರ್ಟ್’ ಕೊಡಿ. ಸಾವಯವ ದೃಢೀಕರಣಕ್ಕೆ ಬಿಲ್ಲು, ಫೋಟೋ ಕೇಳಿದಾಗ ಒಂದೇ ಕ್ಲಿಕ್ಕಿಗೆ ಸಿಗುತ್ತೆ.

ಅಪ್ಪನ ಫೋನು

ಬಹಳ ಮನೆಗಳಲ್ಲಿ ಜಮೀನು, ಎಫ್‌ಐಡಿ ಎರಡೂ ಅಪ್ಪನ ಹೆಸರಲ್ಲಿ. ಒಟಿಪಿ ಬರೋದೂ ಅವರ ಫೋನಿಗೇ. ಅದನ್ನೂ ಸರಿ ಮಾಡಿ, ಆದ್ರೆ ಅವರನ್ನು ಪಕ್ಕದಲ್ಲಿ ಕೂರಿಸ್ಕೊಂಡೇ ಮಾಡಿ. ಹಿರಿಯರು ಆ್ಯಪ್‌ನ ಹೆಸರಿಗಿಂತ ಅದು ಇರೋ ಜಾಗ ನೆನಪಿಟ್ಟಿರ್ತಾರೆ. ಹೇಳದೆ ಜಾಗ ಬದಲಿಸಿದ್ರೆ ಫೋನ್ ಕೆಟ್ಟೋಯ್ತು ಅಂತಾರೆ. ನಮ್ಮಪ್ಪ ಹಾಗೇ ಅಂದಿದ್ರು.

ಮುಂಗಾರು, ಹಿಂಗಾರು, ಬೇಸಿಗೆ, ಪ್ರತಿ ಹಂಗಾಮಿನ ಶುರುವಿನಲ್ಲಿ ಹದಿನೈದು ನಿಮಿಷ ಸಾಕು. ಇವತ್ತು ರಾತ್ರಿ ಊಟ ಆದ್ಮೇಲೆ ಶುರು ಮಾಡಿ.