ಊರು ಬೆಳೆಯಿತು, ಖರ್ಚು ಯಾರ ತಲೆಗೆ?

ಉಡುಪಿಯಲ್ಲಿ ಒಂದು ಮನೆಗೆ ಸಾವಿರ ರೂಪಾಯಿ ತೆರಿಗೆ ಲೆಕ್ಕವಾದರೆ ಮಾಲೀಕ ಕಟ್ಟುವುದು ಸಾವಿರವಷ್ಟೇ ಅಲ್ಲ. ಅದರ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪರಿಹಾರಕ್ಕೆ ಶೇ 3, ನಗರ ಸಾರಿಗೆಗೆ ಶೇ 2 ಸೇರುತ್ತದೆ. ಈ 260 ರೂಪಾಯಿಯನ್ನು ವಸೂಲಿ ಮಾಡುವುದು ನಗರಸಭೆ. ಆದರೆ ಅದು ಸಲ್ಲಬೇಕಾದದ್ದು ಬೇರೆ ಖಾತೆಗಳಿಗೆ. ವಾರ್ಡಿನ ಬೀದಿದೀಪಕ್ಕಾಗಲಿ ಚರಂಡಿಗಾಗಲಿ ಅದರಿಂದ ಕಾಸು ಬರುವುದಿಲ್ಲ. ತೆರಿಗೆ ಭಾರವಾಯಿತು ಎನ್ನುವ ಮನೆಯವರ ಮಾತೂ ನಿಜ, ಕೈಯಲ್ಲಿ ಹಣವಿಲ್ಲ ಎನ್ನುವ ನಗರಸಭೆಯ ಮಾತೂ ನಿಜ. ಹೀಗಾದದ್ದು ಹೇಗೆಂದು ತಿಳಿಯಲು ಕರಾವಳಿಯ ಈ ಊರುಗಳು ಬೆಳೆದ ಬಗೆಯನ್ನು ನೋಡಬೇಕು.

ಈಗ ಉಡುಪಿ ನಗರಸಭೆಯೊಳಗಿರುವ ಮಣಿಪಾಲ ಒಂದು ಕಾಲಕ್ಕೆ ಮುರಕಲ್ಲಿನ ಬೋಳುಗುಡ್ಡವಾಗಿತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, 1928ರಿಂದ ಪಿಗ್ಮಿ ಠೇವಣಿಯ ಮೂಲಕ ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಹಣ ಕೂಡಿಸಿತು. 1953ರಲ್ಲಿ ಅದರ ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ಅವರು ಅದೇ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. ಖಾಸಗಿ ಬಂಡವಾಳ, ವಿದ್ಯಾರ್ಥಿಗಳ ಶುಲ್ಕ, ದಾನಗಳಿಂದ ಒಂದು ಊರೇ ಎದ್ದಿತು. ಆವರಣದ ಒಳಗಿನ ವ್ಯವಸ್ಥೆಯನ್ನು ಸಂಸ್ಥೆ ನೋಡಿಕೊಂಡಿತು. ಆವರಣದ ಹೊರಗೆ ಎದ್ದ ಫ್ಲ್ಯಾಟು, ಪಿ.ಜಿ., ಹೋಟೆಲುಗಳ ನೀರು, ಕಸ, ಕೊಳಚೆ ಮಾತ್ರ ಊರಿನ ಪಾಲಿಗೆ ಬಂತು.

ಉಡುಪಿಯ ಕಷ್ಟಕ್ಕೆ ಇದಕ್ಕಿಂತ ಹಳೆಯ ಕಾರಣವೊಂದಿದೆ. ಘಟ್ಟದ ಮೇಲಿನ ಹಳ್ಳಿಗಳಂತೆ ಇಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿಲ್ಲ. ಮನೆಗೊಂದು ಬಾವಿ, ಸುತ್ತ ಹಿತ್ತಿಲು, ಎದುರಿಗೆ ಬೈಲು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು. ಮುಂಬೈ ಮತ್ತು ಕೊಲ್ಲಿ ದೇಶಗಳಿಂದ ಬಂದ ಹಣದಲ್ಲಿ ಅದೇ ಜಾಗದಲ್ಲಿ ತಾರಸಿ ಮನೆಗಳಾದವು. ಬಾವಿಯೂ ಶೌಚದ ಗುಂಡಿಯೂ ಅವರವರದೇ ಆಗಿದ್ದುದರಿಂದ ಆಡಳಿತಕ್ಕೆ ಖರ್ಚು ಕಡಿಮೆಯಿತ್ತು. ಅಂಥದೇ ಹಿತ್ತಿಲಿನಲ್ಲಿ ಐದು ಮಹಡಿಯ ಕಟ್ಟಡ ಎದ್ದಾಗ ಲೆಕ್ಕ ತಪ್ಪಿತು. ಒಂದು ಬಾವಿ ಇಪ್ಪತ್ತು ಸಂಸಾರಕ್ಕೆ ಸಾಲದು, ಮುರಕಲ್ಲಿನ ನೆಲದ ಗುಂಡಿ ಅಷ್ಟು ಕೊಳಚೆಯನ್ನು ಹಿಡಿಯದು. ಮಳೆನೀರು ಹರಿಯುತ್ತಿದ್ದ ತೋಡುಗಳಲ್ಲಿ ಬೇಸಿಗೆಯಲ್ಲೂ ಕಪ್ಪು ನೀರು ಹರಿಯತೊಡಗಿತು. ಇಂದ್ರಾಣಿ ಹೊಳೆಯ ದಡದ ಜನ ಇದನ್ನು ವರ್ಷಗಳಿಂದ ಅನುಭವಿಸುತ್ತಿದ್ದಾರೆ. ಅವರ ಬಾವಿ ಕೆಟ್ಟದ್ದಕ್ಕೆ ಯಾವ ಬಜೆಟ್ಟಿನಲ್ಲೂ ಲೆಕ್ಕವಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಮಣಿಪಾಲ, ಮಲ್ಪೆ, ಪರ್ಕಳಗಳನ್ನು ಒಳಗೊಂಡ ಉಡುಪಿ ನಗರಸಭೆಯ ವಿಸ್ತಾರ ಸುಮಾರು 68 ಚದರ ಕಿ.ಮೀ., ವಾರ್ಡುಗಳು 35. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 1.25 ಲಕ್ಷ. ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರ ಜನರೂ ಇಲ್ಲ. ಒಂದೊಂದು ಮನೆಗೂ ಉದ್ದದ ಪೈಪು, ಉದ್ದದ ರಸ್ತೆ ಬೇಕು; ಆ ಉದ್ದಕ್ಕೆ ತೆರಿಗೆ ಕಟ್ಟುವವರು ಕೆಲವರೇ.

ದೊಡ್ಡ ಕಾಮಗಾರಿಗಳಿಗೆ ಹಣ ಹೊರಗಿನಿಂದ ಬಂತು. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲ ಮಂಜೂರು ಮಾಡಿದ ಕರಾವಳಿ ನಗರಾಭಿವೃದ್ಧಿ ಯೋಜನೆಯ ಹತ್ತು ಊರುಗಳಲ್ಲಿ ಉಡುಪಿಯೂ ಒಂದು. ಆದರೂ 2019ರ ಮೇ ತಿಂಗಳಲ್ಲಿ ಊರಿಗೆ ನೀರು ಕೊಡುವ, ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡಿತು. ಹಾಲಾಡಿ ಬಳಿಯ ಭರತ್ಕಲ್‌ನಿಂದ ವಾರಾಹಿ ನದಿಯ ನೀರನ್ನು ಬಜೆಗೆ ತರುವ ಕಾಮಗಾರಿ ಕೇಂದ್ರದ ಅಮೃತ್ ಯೋಜನೆಯಡಿ ಬಂತು. ಪೈಪು ಹಾಕಲು ಅನುದಾನ ಸಿಗುತ್ತದೆ. ಆ ಪೈಪಿನಲ್ಲಿ ದಿನವೂ ನೀರೆತ್ತುವ ಕರೆಂಟು ಬಿಲ್ಲು, ರಿಪೇರಿ, ಸಿಬ್ಬಂದಿ ಸಂಬಳ ಊರಿನವರದೇ.

ಅದಕ್ಕೆ ಸುಲಭದ ದಾರಿಯೆಂದು ಕಂಡದ್ದು ತೆರಿಗೆ ಏರಿಕೆ. ಬಾಡಿಗೆ ಮೌಲ್ಯದ ಹಳೆಯ ಪದ್ಧತಿ ಹೋಗಿ 2002-03ರಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಬಂತು. ಮೂರು ವರ್ಷಕ್ಕೊಮ್ಮೆ ಶೇ 15ರಷ್ಟು ಏರುತ್ತಿತ್ತು. 2020ರಲ್ಲಿ ರಾಜ್ಯಗಳ ಹೆಚ್ಚುವರಿ ಸಾಲಕ್ಕೆ ಕೇಂದ್ರ ಹಾಕಿದ ಷರತ್ತಿನಿಂದ ತೆರಿಗೆ ಜಾಗದ ಚಾಲ್ತಿ ಮಾರ್ಗಸೂಚಿ ಬೆಲೆಗೆ ತಳಕು ಹಾಕಿಕೊಂಡಿತು, ಏರಿಕೆ ವರ್ಷಕ್ಕೆ ಶೇ 3ರಿಂದ 5 ಆಯಿತು. ಪಕ್ಕದಲ್ಲಿ ಫ್ಲ್ಯಾಟು ಬಂದು ಜಾಗದ ಬೆಲೆ ಏರಿದರೆ, ಮಾರುವ ಯೋಚನೆಯೇ ಇಲ್ಲದ ಪಿಂಚಣಿದಾರರ ಹಂಚಿನ ಮನೆಗೂ ತೆರಿಗೆ ಏರುತ್ತದೆ. ಲಾಭ ಮಾಡಿಕೊಂಡವರು ಯಾರೋ, ಕಟ್ಟುವವರು ಯಾರೋ.

ನ್ಯಾಯದ ದಾರಿ ಬೇರೆಯಿದೆ. ಹೊಸ ಬಡಾವಣೆ, ಹೊಸ ಬಹುಮಹಡಿ ಕಟ್ಟಡ ತನ್ನ ಪಾಲಿನ ಪೈಪು ಚರಂಡಿಗಳ ಖರ್ಚನ್ನು ಪರವಾನಗಿ ಪಡೆಯುವಾಗಲೇ ಕೊಡಬೇಕು. ಕಾನೂನಿನಲ್ಲಿ ಇದಕ್ಕೆ ಅವಕಾಶ ಮೊದಲಿಂದಲೂ ಇದೆ: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಭೂಬಳಕೆ ಬದಲಾದಾಗ ಸುಧಾರಣಾ ಶುಲ್ಕ ವಸೂಲಿ ಮಾಡಬಹುದು. ತೊಡಕಿರುವುದು ಹಣ ಸೇರುವ ಜಾಗದಲ್ಲಿ. ಶುಲ್ಕ ಹೋಗುವುದು ಊರಿನ ಯೋಜನಾ ಪ್ರಾಧಿಕಾರಕ್ಕೆ, ಚರಂಡಿ ತೋಡಬೇಕಾದದ್ದು ನಗರಸಭೆ. ಕಟ್ಟಡ ಎದ್ದ ವಾರ್ಡಿಗೇ ಆ ಹಣ ಮರಳಬೇಕೆಂಬ ನಿಯಮವಾಗಬೇಕು.

ಲೆಕ್ಕಕ್ಕೇ ಸಿಗದ ಕಟ್ಟಡಗಳು ಇನ್ನೊಂದು ಮಾತು. 2025ರ ಫೆಬ್ರುವರಿಯಲ್ಲಿ ಸರ್ಕಾರ ಅನಧಿಕೃತ ಆಸ್ತಿಗಳಿಗೂ ಬಿ-ಖಾತಾ ಕೊಟ್ಟು ತೆರಿಗೆಯೊಳಗೆ ತರಲು ಹೊರಟಿತು. ಸಕ್ರಮದ ಬಗ್ಗೆ ತಕರಾರುಗಳಿವೆ, ಇರಲಿ. ರಸ್ತೆ ನೀರು ಬಳಸುವ ಎಲ್ಲರೂ ಕಟ್ಟಿದರೆ ಈಗಾಗಲೇ ಕಟ್ಟುವವರ ಭಾರ ಇಳಿಯುತ್ತದೆ.

ಉಡುಪಿಯಂತಾಗದಿರಲು ಪಕ್ಕದ ಕಾಪುವಿಗೆ ಇನ್ನೂ ಸಮಯವಿದೆ. ಕಾಪು, ಮಲ್ಲಾರು, ಉಳಿಯಾರಗೋಳಿ ಪಂಚಾಯತ್‌ಗಳು ಸೇರಿ ಪುರಸಭೆಯಾದ ಮೇಲೆ ಮೊದಲ ಚುನಾವಣೆ ನಡೆದದ್ದು 2016ರಲ್ಲಿ. ತಾಲ್ಲೂಕು ಕಾರ್ಯಾರಂಭ ಮಾಡಿದ್ದು 2018ರಲ್ಲಿ. ಹೆದ್ದಾರಿ 66ರ ಬದಿಯ ಗದ್ದೆಗಳು ಸೈಟುಗಳಾಗುವ ಮೊದಲೇ ಅಹಮದಾಬಾದಿನವರು ಮಾಡಿದಂತೆ ಮಾಡಬಹುದು. ಅಲ್ಲಿ ಜಮೀನುದಾರರು ತಮ್ಮ ಜಾಗಗಳನ್ನು ಒಟ್ಟುಗೂಡಿಸಿ, ಒಂದು ಪಾಲನ್ನು ರಸ್ತೆ, ಚರಂಡಿ, ಬಯಲಿಗೆ ಬಿಟ್ಟು, ಉಳಿದದ್ದನ್ನು ಚೊಕ್ಕ ಸೈಟುಗಳಾಗಿ ಮರಳಿ ಪಡೆಯುತ್ತಾರೆ. ಆ ನಗರದ 76 ಕಿ.ಮೀ. ವರ್ತುಲ ರಸ್ತೆಗೂ ಹೀಗೇ ಜಾಗ ಸಿಕ್ಕಿತು.

ಖರ್ಚನ್ನು ಹಂಚಿಕೊಳ್ಳುವ ಪಾಠವನ್ನು ಕಾರ್ಕಳ ತಾಲ್ಲೂಕು ಈಗಾಗಲೇ ಕಲಿಸಿದೆ. ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ಬೇರ್ಪಡಿಸಬಲ್ಲ ಘಟಕವನ್ನು ಹಲವು ಪಂಚಾಯತ್‌ಗಳು ಒಟ್ಟಾಗಿ ಬಳಸುತ್ತಿವೆ. ಪ್ರತಿ ಪಂಚಾಯತ್ ತನ್ನದೇ ಯಂತ್ರ ತಂದಿದ್ದರೆ ಯಾರಿಗೂ ಪೂರೈಸುತ್ತಿರಲಿಲ್ಲ.

ಬಜೆಟ್‌ಗೆ ಮುಂಚೆ ನಗರಸಭೆ, ಪುರಸಭೆಗಳು ಸಾರ್ವಜನಿಕರ ಸಲಹಾ ಸಭೆ ಕರೆಯುತ್ತವೆ. ದಯವಿಟ್ಟು ಹೋಗಿ. ಕಳೆದ ವರ್ಷ ಹೊಸ ಕಟ್ಟಡಗಳಿಂದ ಎಷ್ಟು ಶುಲ್ಕ ಬಂತು, ಅದು ನಮ್ಮ ವಾರ್ಡಿನಲ್ಲಿ ಎಲ್ಲಿ ಖರ್ಚಾಯಿತು ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.