ಶೇರಿಗೆ ತೆರಿಗೆ ಕಡಿತವಾಗಿದ್ದರೂ ಮತ್ತೆ ಮೂರು ಲಕ್ಷ ಬಾಕಿ ಏಕೆ?

ಮುಂಬಯಿ: ಹೊರನಾಡಿಗೆ ಬಂದು ಬ್ಯಾಂಕು, ಮಿಲ್ಲು, ಸರಕಾರಿ ಕಚೇರಿಗಳಲ್ಲಿ ದುಡಿದ ಕನ್ನಡಿಗರ ಹಿಂದಿನ ತಲೆಮಾರಿಗೆ ಆದಾಯ ತೆರಿಗೆ ಅಷ್ಟೇನೂ ತಲೆನೋವಿನ ಸಂಗತಿಯಾಗಿರಲಿಲ್ಲ. ಪಗಾರದಲ್ಲೇ ಕಡಿತವಾಗುತ್ತಿತ್ತು. ಫಾರ್ಮ್ 16 ಕೈಗೆ ಬಂದರೆ ಆ ವರ್ಷದ ಲೆಕ್ಕ ಮುಗಿದಂತೆ. ಅವರ ಮಕ್ಕಳು ಇಂದು ಪುಣೆಯ ಹಿಂಜವಡಿ, ನವಿಮುಂಬಯಿಯ ಐರೋಲಿ, ಹೈದರಾಬಾದಿನ ಹೈಟೆಕ್ ಸಿಟಿಯ ಕಂಪನಿಗಳಲ್ಲಿದ್ದಾರೆ. ಸಂಬಳದ ಜತೆಗೆ ಸ್ಟಾಕ್ ಆಪ್ಷನ್, ಅಂದರೆ ಕಂಪನಿಯ ಶೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕನ್ನೂ ಪಡೆಯುತ್ತಿದ್ದಾರೆ. ಕಡಿತವಾಯಿತೆಂದರೆ ಮುಗಿಯಿತು ಎಂಬ ಹಳೆಯ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಒಂದು ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹಿಂಜವಡಿಯ ಯುವಕನೊಬ್ಬ 2024ರ ಮೇ ಅಂತ್ಯಕ್ಕೆ ಕೆಲಸ ಬಿಟ್ಟು ಬೇರೆ ಕಂಪನಿ ಸೇರಿದನೆಂದು ಇಟ್ಟುಕೊಳ್ಳಿ. ಹಳೆಯ ಕಂಪನಿಯಲ್ಲಿ ಎರಡು ತಿಂಗಳ ಪಗಾರ 4 ಲಕ್ಷ ರೂ. ಕೆಲಸ ಬಿಟ್ಟವರು ತಮ್ಮ ಪಾಲಿನ ಶೇರುಗಳನ್ನು 90 ದಿನಗಳೊಳಗೆ ಕೊಳ್ಳಬೇಕೆಂಬ ಷರತ್ತು ಅನೇಕ ಕಂಪನಿಗಳಲ್ಲಿದೆ. ಅದರಂತೆ ಜುಲೈಯಲ್ಲಿ ಆತ 2,000 ಶೇರುಗಳನ್ನು ತಲಾ 100 ರೂ.ಗೆ ಕೊಂಡ. ಅಂದಿನ ಮಾರುಕಟ್ಟೆ ದರ 800 ರೂ. ಒಂದು ಶೇರಿಗೆ 700 ರೂ.ಯಂತೆ 14 ಲಕ್ಷ ರೂ. ಲಾಭ. ಆತ ಒಂದು ಶೇರನ್ನೂ ಮಾರಿಲ್ಲ, ಆದರೂ ಕಾನೂನಿನ ಕಣ್ಣಿಗೆ ಈ 14 ಲಕ್ಷ ಸಂಬಳವೇ. ಹಳೆಯ ಕಂಪನಿ ತಾನು ಕೊಟ್ಟ ಒಟ್ಟು 18 ಲಕ್ಷಕ್ಕೆ ಆ ವರ್ಷದ ಹೊಸ ಪದ್ಧತಿಯ ದರದಂತೆ 2,39,200 ರೂ. ತೆರಿಗೆ ವಸೂಲು ಮಾಡಿತು. ಹೊಸ ಕಂಪನಿ ಹತ್ತು ತಿಂಗಳ 28 ಲಕ್ಷ ಪಗಾರಕ್ಕೆ 5,51,200 ರೂ. ಕಡಿತ ಮಾಡಿತು. ಒಟ್ಟು 7,90,400 ರೂ.

ಆದರೆ ವರ್ಷದ ಆದಾಯ 46 ಲಕ್ಷ. ಅದಕ್ಕೆ ಸಲ್ಲಬೇಕಾದ ತೆರಿಗೆ ಸೆಸ್ ಸೇರಿ 11,12,800 ರೂ. ಕೊರತೆ 3,22,400 ರೂ! ಪ್ರಮಾಣಿತ ಕಡಿತವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅದನ್ನೂ ಎರಡೂ ಕಡೆ ಕೊಟ್ಟಿದ್ದರೆ ಕೊರತೆ ಇನ್ನೂ ಹೆಚ್ಚು.

ಯಾರೂ ಮೋಸ ಮಾಡಿದ್ದಲ್ಲ. ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ, ನಂತರದ ಹಂತಗಳಿಗೆ ಕಡಿಮೆ ದರ ಎಂಬ ಅನುಕೂಲವನ್ನು ಎರಡು ಕಂಪನಿಗಳೂ ಒಂದೊಂದು ಸಲ ಕೊಟ್ಟಿವೆ. ಆತನಿಗೆ ಸಲ್ಲುವುದು ಒಂದೇ ಸಲ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿಲ್ಲ. ಗೊತ್ತಿರುವುದು ಆತನಿಗೆ ಮತ್ತು ಪ್ಯಾನ್ ನಂಬರಿನ ಮೂಲಕ ಆದಾಯ ತೆರಿಗೆ ಇಲಾಖೆಗೆ ಮಾತ್ರ. ಬಾಕಿಯ ಮೇಲೆ ಏಪ್ರಿಲ್‌ನಿಂದ ತಿಂಗಳಿಗೆ ಶೇ. 1ರಂತೆ ಬಡ್ಡಿಯೂ ಬೆಳೆಯುತ್ತದೆ. ಜುಲೈಯಲ್ಲಿ ಕಟ್ಟಿದರೆ ನಾಲ್ಕು ತಿಂಗಳಿಗೆ 12,896 ರೂ.; ಮುಂಗಡ ತೆರಿಗೆಯ ಕಂತು ತಪ್ಪಿದ್ದಕ್ಕೆ ಬೇರೆ ಬಡ್ಡಿ.

ಇನ್ನೂ ನೋವಿನ ಮಾತೆಂದರೆ ಶೇರಿನ ಬೆಲೆ ಕುಸಿದರೆ ತೆರಿಗೆ ಇಳಿಯುವುದಿಲ್ಲ. ಆ 800 ರೂ.ಯ ಶೇರು ಮಾರ್ಚ್‌ಗೆ 450ಕ್ಕೆ ಬಂದಿದ್ದರೂ ತೆರಿಗೆ 800ರ ಲೆಕ್ಕದಲ್ಲೇ. ಮಾರಿ ನಷ್ಟವಾದರೆ ಅದನ್ನು ಬಂಡವಾಳ ಲಾಭದೆದುರು ಮಾತ್ರ ಹೊಂದಿಸಬಹುದು, ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು, ಸಂಬಳದಿಂದ ಕಳೆಯುವಂತಿಲ್ಲ. ಫ್ಲ್ಯಾಟಿನ ಮುಂಗಡಕ್ಕೋ ತಂಗಿಯ ಮದುವೆಗೋ ಉಳಿತಾಯವನ್ನು ಕೊಟ್ಟು ಕುಳಿತವರಿಗೆ ಈ ಮೊತ್ತ ಎಲ್ಲಿಂದ ಬರಬೇಕು?

"ಮಾರಿದಾಗ ತೆರಿಗೆ ಕಟ್ಟಿದರಾಯಿತು" ಎಂದು ಮನೆಯ ಹಿರಿಯಣ್ಣನೋ ಸೋದರಮಾವನೋ ಧೈರ್ಯ ಹೇಳುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ, ತಮ್ಮ ಕಾಲದ ಮಾತು ಹೇಳುತ್ತಿದ್ದಾರೆ. ಬೆಂಗಳೂರಿನ ಇನ್ಫೋಸಿಸ್ 1994ರಲ್ಲೇ ನೌಕರರಿಗೆ ಶೇರು ಕೊಡುವ ಯೋಜನೆ ಆರಂಭಿಸಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಸರಕಾರದ ಮಾರ್ಗಸೂಚಿಗೆ ಒಳಪಟ್ಟ ಯೋಜನೆಗಳಲ್ಲಿ ಮಾರಾಟದ ವೇಳೆ ಮಾತ್ರ ತೆರಿಗೆ ಇತ್ತು. 2007ರಲ್ಲಿ ಫ್ರಿಂಜ್ ಬೆನಿಫಿಟ್ ತೆರಿಗೆಯೆಂದು ಅದನ್ನು ಕಂಪನಿಯ ಮೇಲೆ ಹೊರಿಸಲಾಯಿತು. 2009ರಲ್ಲಿ ಆ ತೆರಿಗೆ ರದ್ದಾಗಿ ಹೊರೆ ನೌಕರನ ಹೆಗಲಿಗೆ ಬಂತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲೂ ಅದು ಅಲ್ಲೇ ಇದೆ. ಮಾನ್ಯತೆ ಪಡೆದ ಕೆಲವು ಸ್ಟಾರ್ಟ್‌ಅಪ್‌ಗಳ ನೌಕರರಿಗೆ 2020ರಿಂದ ತೆರಿಗೆ ಮುಂದೂಡುವ ಸವಲತ್ತಿದೆ. ಆದರೆ ಕೆಲಸ ಬಿಟ್ಟರೆ ಅಥವಾ ಶೇರು ಮಾರಿದರೆ ಮುಂದೂಡಿಕೆಯೂ ಮುಗಿಯುತ್ತದೆ.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಿಗೂ ಈ ಮಾತು ಹೊಸತಲ್ಲ. ಅಲ್ಲಿ ಶೇರಿನ ರೂಪದ ಸಂಬಳಕ್ಕೆ 10 ಲಕ್ಷ ಡಾಲರ್‌ವರೆಗೆ ಕಂಪನಿಗಳು ಸಾಮಾನ್ಯವಾಗಿ ಶೇ. 22ರಂತೆ ಕೇಂದ್ರ ತೆರಿಗೆ ಹಿಡಿಯುತ್ತವೆ. ನೌಕರನ ನಿಜವಾದ ದರ ಶೇ. 32 ಅಥವಾ 35 ಆಗಿದ್ದರೆ ಉಳಿದದ್ದು ಏಪ್ರಿಲ್‌ನಲ್ಲಿ ಬಾಗಿಲಿಗೆ ಬರುತ್ತದೆ. 2000-01ರ ಡಾಟ್‌ಕಾಂ ಕುಸಿತದಲ್ಲಿ ಶೇರು ಕೊಂಡು ಇಟ್ಟುಕೊಂಡಿದ್ದ ಅನೇಕರು, ಕೈಯಲ್ಲಿದ್ದ ಶೇರಿನ ಬೆಲೆಗಿಂತ ಹೆಚ್ಚಿನ ತೆರಿಗೆ ಬಾಕಿಗೆ ಸಿಲುಕಿದ್ದರು. ಅಲ್ಲಿನ ಸಂಸತ್ತು 2008ರಲ್ಲಿ ಕಾನೂನು ಮಾಡಿ ಉಳಿದಿದ್ದ ಬಾಕಿಯನ್ನು ಮನ್ನಾ ಮಾಡಬೇಕಾಯಿತು. ಅಷ್ಟರಲ್ಲಿ ಮನೆ ಮಾರಿ ತೆರಿಗೆ ಕಟ್ಟಿದವರೂ ಇದ್ದರು.

ಇಲ್ಲಿ ಅಂಥ ಮನ್ನಾ ಕಾಯುವ ಬದಲು ಶೇರು ಕೊಂಡ ತಿಂಗಳಲ್ಲೇ ಸಿಎ ಬಳಿ ಹೋಗುವುದು ಲೇಸು. ಹಳೆಯ ಕಂಪನಿಯ ಸಂಬಳ, ಶೇರಿನ ಲಾಭ ಮತ್ತು ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಂಪನಿಯ ಲೆಕ್ಕ ವಿಭಾಗಕ್ಕೆ ನಿಗದಿತ ನಮೂನೆಯಲ್ಲಿ ಕೊಟ್ಟರೆ, ಅವರೇ ಒಟ್ಟು ಆದಾಯದ ಮೇಲೆ ಉಳಿದ ತಿಂಗಳುಗಳಲ್ಲಿ ಕಡಿತ ಮಾಡುತ್ತಾರೆ. ಪಗಾರ ಕಡಿಮೆ ಬರುತ್ತದೆ ನಿಜ, ಬಡ್ಡಿ ಉಳಿಯುತ್ತದೆ. ಸಂಬಳದ ವಿವರ ಹೇಳಲು ಸಂಕೋಚವಿದ್ದರೆ ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ತಾವೇ ಮುಂಗಡ ತೆರಿಗೆ ಕಟ್ಟಬಹುದು.

ಬಾಕಿ ಈಗಾಗಲೇ ಬಂದಿದ್ದರೆ ಹೆದರಿ ಕಟ್ಟುವ ಮೊದಲು ಒಂದು ಸಂಗತಿ ಪರೀಕ್ಷಿಸಬೇಕು. ಶೇರನ್ನು ಮಾರಿದ್ದರೆ ಅದರ ಖರೀದಿ ಬೆಲೆಯನ್ನು 100 ಎಂದು ತೋರಿಸಲಾಗಿದೆಯೇ, 800 ಎಂದೇ? ಸಂಬಳವೆಂದು ತೆರಿಗೆ ತೆತ್ತ ಬೆಲೆಯೇ ಖರೀದಿ ಬೆಲೆ. 100 ಎಂದು ಬರೆದರೆ ಅದೇ 700 ರೂ.ಗೆ ಎರಡನೇ ಬಾರಿ ತೆರಿಗೆ ಬೀಳುತ್ತದೆ. ವಿದೇಶಿ ಕಂಪನಿಯ ಶೇರಾಗಿದ್ದರೆ ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸಲು ಮರೆಯಬಾರದು.

ಲೆಕ್ಕ ಸರಿಯಿದ್ದು ಇಲಾಖೆಯ ಡಿಮ್ಯಾಂಡ್ ನೋಟಿಸು ಬಂದಿದೆ, ಕೈಯಲ್ಲಿ ಅಷ್ಟು ಹಣವಿಲ್ಲ ಎಂದಾದರೆ, ನೋಟಿಸಿನ ಅವಧಿ ಮೀರುವ ಮೊದಲೇ ಕಂತುಗಳಲ್ಲಿ ಕಟ್ಟಲು ಅನುಮತಿ ಕೋರಿ ತೆರಿಗೆ ಅಧಿಕಾರಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಅರ್ಜಿಯ ಜತೆ ಎರಡೂ ಕಂಪನಿಗಳ ಫಾರ್ಮ್ 16, ಶೇರು ಕೊಂಡ ದಿನದ ದರದ ಪತ್ರ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇರಲಿ.